ನಿಲ್ಲಿಸದೆ ಬದಲಿಸಿದ ಭಾನುವಾರ

ನನ್ನ ಕೆಲಸ ಚೆನ್ನಾಗಿ ನಡೆದ ದಿನ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕೆಟ್ಟ ದಿನ ಮಾತ್ರ ಎಲ್ಲರಿಗೂ ನನ್ನ ನೆನಪಾಗುತ್ತದೆ. ಔಷಧದ ಅಂಗಡಿಗಳ ಕಂಪನಿಯೊಂದರಲ್ಲಿ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಹೈದರಾಬಾದಿನ ಯಾವುದೋ ಗಲ್ಲಿಯ ಅಂಗಡಿಯಲ್ಲಿ ಯಾರೋ ಬಿ.ಪಿ. ಗುಳಿಗೆ ಕೇಳಿದರೆ, ಅದು ಇದೆಯೋ ಇಲ್ಲವೋ, ಅವಧಿ ಮುಗಿದಿದೆಯೋ ಎಂದು ಕೌಂಟರಿನ ಹುಡುಗಿ ಒಂದು ಪರದೆ ನೋಡುತ್ತಾಳಲ್ಲ, ಆ ಪರದೆಯ ಹಿಂದೆ ನಾವಿರುತ್ತೇವೆ. ಮದುವೆ ಮನೆಗಳಲ್ಲಿ ಯಾರಾದರೂ ಹಿರಿಯರು 'ಏನ್ ಕೆಲಸಾ ಮಾಡ್ತೀಯವ್ವಾ?' ಎಂದು ಕೇಳಿದರೆ 'ಕಂಪ್ಯೂಟರ್ ಕೆಲಸಾರಿ' ಎಂದು ಊಟದ ಪಂಕ್ತಿಯ ಕಡೆ ನಡೆದುಬಿಡುತ್ತೇನೆ. ವಿವರಿಸಲು ನಿಂತರೆ ಅನ್ನ ಆರುತ್ತದೆ.

ನಾನು ಸೇರಿದ ಕಾಲಕ್ಕೆ ಎಲ್ಲವೂ ಒಂದೇ ದೊಡ್ಡ ಸರ್ವರ್‌ನಲ್ಲಿತ್ತು. ಅದರ ಸಾಫ್ಟ್‌ವೇರ್ ಬದಲಿಸಬೇಕೆಂದರೆ ಎಲ್ಲ ಅಂಗಡಿಗಳ ವ್ಯವಸ್ಥೆಯನ್ನೂ ನಿಲ್ಲಿಸಬೇಕಾಗುತ್ತಿತ್ತು. ಅದಕ್ಕೊಂದು ಭಾನುವಾರ ಗೊತ್ತು ಮಾಡುತ್ತಿದ್ದರು. ಅಂಗಡಿಯವರು ಅವತ್ತು ಕೈಯಿಂದ ಬಿಲ್ ಬರೆಯುತ್ತ ನಮ್ಮನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ನಾವು ಒಂದು ಗುಂಡಿ ಒತ್ತಿ, ಪರದೆಯ ಮೇಲೆ ಹಸಿರು ಗೆರೆ ಆಮೆಯ ಹಾಗೆ ಮುಂದೆ ಹೋಗುವುದನ್ನು ನೋಡುತ್ತ ಕೂರುತ್ತಿದ್ದೆವು. ಮಾಡಲು ಬೇರೇನೂ ಇರುತ್ತಿರಲಿಲ್ಲ. ಯಾರೋ ಕ್ಯಾರಂ ಬೋರ್ಡು ತೆಗೆಯುತ್ತಿದ್ದರು, ಯಾರದೋ ಮನೆಯಿಂದ ನಮ್ಮ ಪುಳಿಯೋಗರೆಯಂಥ ಪುಳಿಹೋರದ ಡಬ್ಬಿ ಬರುತ್ತಿತ್ತು, ಒಬ್ಬರು ಮೇಜಿನ ಕೆಳಗೆ ಚಾಪೆ ಹಾಸಿ ಗೊರಕೆ ಹೊಡೆಯುತ್ತಿದ್ದರು. ಆ ಭಾನುವಾರಗಳಿಗೆ ಎಲ್ಲರೂ ಶಾಪ ಹಾಕುತ್ತಿದ್ದರು. ನಾನೂ ಧಾರಾಳವಾಗಿ ಹಾಕಿದ್ದೇನೆ. ಈಗ ಅಂಥದೊಂದು ಭಾನುವಾರ ಸಿಕ್ಕರೆ ಕಣ್ಣಿಗೊತ್ತಿಕೊಳ್ಳುತ್ತೇನೆ.

ಅಂಥದೇ ಒಂದು ಭಾನುವಾರ ನಾನು ಕಿಟಕಿಯ ಬಳಿ ನಿಂತು ಅವ್ವನ ಹತ್ತಿರ ಫೋನಿನಲ್ಲಿ ಜಗಳವಾಡುತ್ತಿದ್ದೆ. ಅಪ್ಪ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು, ರಾಯಚೂರು ಕಡೆಯವರು; ನಿವೃತ್ತರಾದ ಮೇಲೂ ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲೇ ಉಳಿದಿದ್ದರು. ನನಗೆ ಅವ್ವ ಒಂದು ಗಂಡು ನೋಡಿದ್ದಳು, ನಾನು ಒಲ್ಲೆ ಎನ್ನುತ್ತಿದ್ದೆ. ಆಫೀಸಿನಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ ಎಂಬ ಧೈರ್ಯದಲ್ಲಿ ಆ ಹುಡುಗನ ಮೀಸೆಯನ್ನೂ ಅವನ ತಾಯಿಯ ಗತ್ತನ್ನೂ ಗಟ್ಟಿಯಾಗಿ ಆಡಿಕೊಂಡೆ. ಫೋನ್ ಇಟ್ಟು ತಿರುಗಿದರೆ, ಆ ತಿಂಗಳಷ್ಟೇ ಕೆಲಸಕ್ಕೆ ಸೇರಿದ್ದ ಒಬ್ಬರು ಕ್ಯಾರಂ ಬೋರ್ಡಿನ ಮೇಲೆ ಬಗ್ಗಿಕೊಂಡು ನಗು ತಡೆಯಲು ಒದ್ದಾಡುತ್ತಿದ್ದರು.

"ಮೀಸಿ ಬೋಳಿಸಿದ್ರ ಒಪ್ಕೋತೀರೇನ್ರಿ?" ಎಂದು ಕೇಳಿದರು.

ವಿಜಯಪುರದ ಕನ್ನಡ. ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಅವರೂ ಮೀಸೆ ಇಟ್ಟಿದ್ದರು ಎಂಬುದನ್ನು ಆಮೇಲೆ ಗಮನಿಸಿದೆ. ಬೇಗಂ ಬಜಾರಿನಲ್ಲಿ ಕಿರಾಣಿ ಸಗಟು ವ್ಯಾಪಾರ ಮಾಡುವ ಸೋದರಮಾವನ ಮನೆಯಲ್ಲಿ ಇದ್ದರಂತೆ. ಅವತ್ತು ಸರ್ವರ್ ಸಂಜೆಯವರೆಗೂ ಮೇಲೇಳಲಿಲ್ಲ. ಅಷ್ಟು ಹೊತ್ತೂ ನಾವು ಕನ್ನಡದಲ್ಲಿ ಮಾತಾಡಿದೆವು. ಅದು ಬೇಗ ಎದ್ದುಬಿಟ್ಟಿದ್ದರೆ ನಾನು ಇವರನ್ನು ಮದುವೆಯಾಗುತ್ತಿರಲಿಲ್ಲವೋ ಏನೋ.

ಮದುವೆಯಾಗಿ ಕೂಕಟ್‌ಪಲ್ಲಿಯಲ್ಲಿ ಮನೆ ಮಾಡಿದ ಮೇಲೆ ಕಂಪನಿ ಬೆಳೆಯಿತು. ಅಂಗಡಿಗಳು ಬೇರೆ ಊರುಗಳಲ್ಲೂ ಎದ್ದವು. ಕೆಲವು ಇಡೀ ರಾತ್ರಿ ತೆರೆದಿರುತ್ತಿದ್ದವು. ಇನ್ನು ಮುಂದೆ ಯಾವ ಕಾರಣಕ್ಕೂ ನಿಲ್ಲಿಸಬಾರದು ಎಂದು ಮೇಲಿನಿಂದ ಅಪ್ಪಣೆಯಾಯಿತು. ಒಂದು ದೊಡ್ಡ ಸರ್ವರ್ ಹೋಗಿ ಐದು ಸರ್ವರ್‌ಗಳ ಗುಂಪು, ಅಂದರೆ ಕ್ಲಸ್ಟರ್, ಬಂತು. ಎರಡು ಇಲ್ಲಿ, ಉಳಿದವು ಬೇರೆ ಊರುಗಳಲ್ಲಿ. ಐದರಲ್ಲೂ ಒಂದೇ ಮಾಹಿತಿ ಇರುತ್ತದೆ. ಒಂದನ್ನು ಕೆಳಗಿಳಿಸಿ, ರಿಪೇರಿ ಮಾಡಿ, ಮತ್ತೆ ಮೇಲೆತ್ತುವತನಕ ಉಳಿದವು ಅದರ ಪಾಲನ್ನೂ ಹೊತ್ತುಕೊಳ್ಳುತ್ತವೆ. ಐದರಲ್ಲಿ ಮೂರು ಎದ್ದು ನಿಂತಿರುವವರೆಗೆ ವ್ಯವಸ್ಥೆ ನಡೆಯುತ್ತದೆ. ಮೂರಕ್ಕಿಂತ ಕಡಿಮೆಯಾದರೆ ಎಲ್ಲವೂ ನಿಲ್ಲುತ್ತದೆ. ಹೀಗೆ ಒಂದಾದ ಮೇಲೊಂದನ್ನು ಬದಲಿಸುತ್ತ ಹೋದರೆ ಕೊನೆಗೆ ಐದೂ ಹೊಸದಾಗಿರುತ್ತವೆ, ಗುಳಿಗೆ ಕೊಳ್ಳುವವರಿಗೆ ಸುಳಿವೇ ಸಿಕ್ಕಿರುವುದಿಲ್ಲ.

ಬಹಳ ಚಂದದ ಏರ್ಪಾಡು. ನಾನೇ ಅದನ್ನು ಹೊಗಳಿ ಎಲ್ಲರ ಮುಂದೆ ಭಾಷಣ ಮಾಡಿದ್ದೆ. ಆದರೆ ನಮ್ಮ ಆಫೀಸಿನಲ್ಲಿ ಅದನ್ನು ಚೆನ್ನಾಗಿ ಬಲ್ಲವರು ನಾನು ಮತ್ತು ನಮ್ಮವರು ಇಬ್ಬರೇ. ಹಾಗಾಗಿ ಸರ್‌ಗಳು ನಮಗೂ ಅದೇ ನಿಯಮ ಹಾಕಿದರು: ಇಬ್ಬರಲ್ಲಿ ಒಬ್ಬರು ಸದಾ ಎದ್ದಿರಬೇಕು. ನನ್ನದು ಹಗಲಿನ ಪಾಳಿ, ಅವರದು ರಾತ್ರಿಯದು. ರಜೆಯನ್ನಂತೂ ಇಬ್ಬರೂ ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ. ಮೊದಲಿಗೆ ನಮಗೂ ಹೆಮ್ಮೆಯೇ ಆಯಿತು. ನಾವಿಲ್ಲದೆ ನಡೆಯುವುದಿಲ್ಲ ಎಂದು ಹೇಳಿಸಿಕೊಳ್ಳುವುದು ಯಾರಿಗೆ ಬೇಡ?

ಆಮೇಲೆ ಗೊತ್ತಾಯಿತು, ನಾನು ನನ್ನ ಗಂಡನನ್ನು ಮನೆಯ ಬಾಗಿಲಲ್ಲಿ ಮಾತ್ರ ನೋಡುತ್ತಿದ್ದೇನೆಂದು. ನಾನು ಹೊರಡುವಾಗ ಅವರು ನಿದ್ದೆಗಣ್ಣಿನಲ್ಲಿ ಬರುತ್ತಿದ್ದರು. ನಾನು ಮೆಟ್ರೋ ಇಳಿದು ಬರುವಷ್ಟರಲ್ಲಿ ಅವರು ಶೂ ಹಾಕಿಕೊಳ್ಳುತ್ತಿದ್ದರು. ಒಂದೇ ಮನೆಯನ್ನು ಹಗಲಿಗೊಬ್ಬರು ರಾತ್ರಿಗೊಬ್ಬರು ಬಾಡಿಗೆಗೆ ಹಿಡಿದಂತಿತ್ತು. ಟವೆಲ್ ಹೇಗೆ ಒಣಗಿಹಾಕಿದ್ದಾರೆ ಎಂಬುದರ ಮೇಲೆ ಅವರ ಸಿಟ್ಟು ಅಳೆಯುತ್ತಿದ್ದೆ. ಉಪ್ಪಿನಕಾಯಿ ಜಾಸ್ತಿ ಖರ್ಚಾಗಿದ್ದರೆ ನನ್ನ ಪಲ್ಯ ಸೇರಿಲ್ಲ ಎಂದು ತಿಳಿಯುತ್ತಿದ್ದೆ. ದಿಂಬಿಗೆ ಅವರ ತಲೆಯೆಣ್ಣೆಯ ವಾಸನೆ ಇರುತ್ತಿತ್ತು. ಅದಕ್ಕೆ ಮುಖ ಒತ್ತಿಕೊಂಡು ಮಲಗುತ್ತಿದ್ದೆ. ಪರದೇಶಕ್ಕೆ ಹೋದ ಗಂಡನನ್ನು ನೆನೆದು ಅಳುವವರಿದ್ದಾರೆ, ಅದು ಯಾರಿಗಾದರೂ ಅರ್ಥವಾಗುತ್ತದೆ. ಸ್ನಾನದ ಮನೆಯಲ್ಲಿ ಇನ್ನೂ ಹಸಿಯಾಗಿರುವ ಸೋಪು ನೋಡಿ ನನಗೆ ಗಂಡನ ನೆನಪಾಗಿ ಕಣ್ಣು ತುಂಬುತ್ತಿತ್ತು. ಅದನ್ನು ಯಾರಿಗೆ ಹೇಳುವುದು?

ಒಮ್ಮೆ ಅವ್ವನಿಗೆ ಹೇಳಿದೆ. ಅವಳು ಬಟಾಣಿ ಸುಲಿಯುತ್ತ ಕೂತಿದ್ದಳು.

"ಗಂಡ ಮನ್ಯಾಗ ಅದಾನು, ಕೈತುಂಬಾ ಕೆಲಸ ಐತಿ. ಇನ್ನ ಯಾತಕ್ಕ ಅಳ್ತೀ ನಮ್ಮವ್ವಾ? ನಿಮ್ಮಪ್ಪನೂ ರಾತ್ರಿ ಪಾಳಿ ಮಾಡಿದವ್ರ."

"ಅಪ್ಪ ರಾತ್ರಿ ಪಾಳಿ ಮಾಡಿದಾಗ ನೀ ಹಗಲ ಮನ್ಯಾಗ ಇರತಿದ್ದೀ ಯವ್ವಾ."

ಅವ್ವ ಬಟಾಣಿ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಒಂದು ಡಬ್ಬಿಯಲ್ಲಿ ಬಟಾಣಿ ತುಂಬಿ ಕೊಟ್ಟಳು. ಅವಳಿಗೆ ಏನೂ ತೋಚದಿದ್ದಾಗ ಹಾಗೇ ಮಾಡುತ್ತಾಳೆ.

ಹೀಗಿರುವಾಗ ದೊಡ್ಡ ಅಪ್‌ಗ್ರೇಡ್ ಬಂತು. ನಮ್ಮ ಡೇಟಾಬೇಸಿನ ಆವೃತ್ತಿ ತೀರ ಹಳೆಯದಾಗಿ, ತಯಾರಿಸಿದವರೇ ಅದರ ಕೈಬಿಟ್ಟಿದ್ದರು. ಐದನ್ನೂ ಪೂರಾ ಹೊಸದಕ್ಕೆ ಬದಲಿಸಬೇಕು, ಒಂದು ನಿಮಿಷವೂ ನಿಲ್ಲಬಾರದು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ನಮ್ಮ ಮೇಲಿನ ಸರ್ ಇಬ್ಬರನ್ನೂ ಕರೆದು ಕೂರಿಸಿದರು. ಭಾನುವಾರ ಗಿರಾಕಿಗಳು ಕಡಿಮೆ, ಬೆಳಗ್ಗೆ ಇಬ್ಬರೂ ಬಂದು ಮಾಡಿ ಎಂದರು. ಬೇರೆ ಊರಿನ ಕಚೇರಿಯಿಂದ ಕೆಲಸ ಬಲ್ಲ ಇಬ್ಬರನ್ನು ಒಂದು ವಾರಕ್ಕೆ ಕರೆಸುತ್ತೇನೆ, ನಿಲ್ಲದೆ ಮುಗಿಸಿಕೊಟ್ಟರೆ ಮರುದಿನದಿಂದ ಆ ವಾರ ಪೂರ್ತಿ ಇಬ್ಬರಿಗೂ ಒಟ್ಟಿಗೆ ರಜೆ, ಎಲ್ಲಾದರೂ ನಿಂತರೆ ರಜೆಯ ಮಾತೇ ಎತ್ತಬೇಡಿ, ಯಾಕೆ ನಿಂತಿತು ಎಂದು ಉತ್ತರ ಕೊಡುತ್ತ ಕೂರಬೇಕಾಗುತ್ತದೆ ಎಂದೂ ಹೇಳಿದರು.

ಒಟ್ಟಿಗೆ ರಜೆ! ಆ ಸಂಜೆ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ನಮ್ಮವರು ಬಾದಾಮಿಗೆ ಹೋಗೋಣ ಎಂದರು. ಮದುವೆಯಾದ ಹೊಸದರಲ್ಲಿ ತೋರಿಸುತ್ತೇನೆ ಎಂದಿದ್ದ ಊರು. ಅಲ್ಲಿ ಕೆರೆಯ ಮೆಟ್ಟಿಲ ಮೇಲೆ ಏನೂ ಮಾಡದೆ ಕೂತಿರಬೇಕು ಎಂಬುದು ಅವರ ಆಸೆ. ಅಪ್‌ಗ್ರೇಡ್ ದಿನದ ಸಂಜೆಗೇ ವಿಜಯಪುರದ ರೈಲಿಗೆ ಟಿಕೆಟ್ ಮಾಡಿಸಿದರು; ಬಾದಾಮಿಗೆ ಅಲ್ಲಿಂದ ಮುಂದೆ ಹೋಗುವುದು. ಮಧ್ಯಾಹ್ನದ ಹೊತ್ತಿಗೆಲ್ಲ ಮುಗಿಯುತ್ತದೆ, ಆಫೀಸಿನಿಂದ ನೆಟ್ಟಗೆ ಸ್ಟೇಷನ್ನಿಗೇ ಹೋಗೋಣ ಎಂದು ಲೆಕ್ಕ ಹಾಕಿ ಅವತ್ತು ಬ್ಯಾಗು ಕೂಡ ಹೊತ್ತುಕೊಂಡು ಬಂದರು.

ಬೇರೆ ಊರಿನಿಂದ ಬಂದವರು ಶನಿವಾರ ರಾತ್ರಿಯ ಪಾಳಿ ನೋಡಿಕೊಂಡಿದ್ದರಿಂದ, ಭಾನುವಾರ ಬೆಳಗ್ಗೆ ಇಬ್ಬರೂ ಒಂದೇ ಆಟೋದಲ್ಲಿ ಆಫೀಸಿಗೆ ಹೋದೆವು. ಆಟೋದಲ್ಲಿ ಅವರ ಮೊಣಕೈ ನನಗೆ ತಾಗುತ್ತಿತ್ತು. ಹಗಲು ಬೆಳಕಿನಲ್ಲಿ ನೋಡಿದರೆ ಕಿವಿಯ ಹಿಂದೆ ಕೂದಲು ಬೆಳ್ಳಗಾಗಿದೆ. ಯಾವಾಗ ಆಯಿತು ಎಂದು ಕೇಳೋಣ ಎಂದುಕೊಳ್ಳುವಷ್ಟರಲ್ಲಿ ಆಫೀಸು ಬಂತು.

ನಾವು ಕೆಲಸ ಮಾಡುವ ಪದ್ಧತಿಯೊಂದಿತ್ತು. ಅದು ನನ್ನಪ್ಪನಿಂದ ಬಂದದ್ದು. ಎರಡು ಸ್ಟೇಷನ್ನುಗಳ ನಡುವೆ ರೈಲು ಬಿಡುವ ಮುಂಚೆ ಈ ಸ್ಟೇಷನ್ ಮಾಸ್ಟರು ಆ ಸ್ಟೇಷನ್ನಿಗೆ ಫೋನು ಮಾಡಿ 'ಲೈನ್ ಕ್ಲಿಯರ್' ಕೇಳಬೇಕು. ಆ ಕಡೆಯಿಂದ ಬಾಯಿಬಿಟ್ಟು ಉತ್ತರ ಬರುವತನಕ ರೈಲು ಕದಲುವಂತಿಲ್ಲ. ಹಳಿ ಖಾಲಿ ಇದೆ ಎಂದು ಕಣ್ಣಿಗೆ ಕಂಡರೂ ಕದಲುವಂತಿಲ್ಲ. ನಾವೂ ಹಾಗೇ: ಕೀಬೋರ್ಡಿನ ಮೇಲೆ ಅವರ ಕೈ, ಉಳಿದ ಸರ್ವರ್‌ಗಳ ಮೇಲೆ ನನ್ನ ಕಣ್ಣು. ಅವರು ಕೇಳಬೇಕು, ನಾನು ನೋಡಿ ಹೇಳಬೇಕು. ಇದನ್ನೆಲ್ಲ ನಾವು ಕನ್ನಡದಲ್ಲೇ ಮಾಡುತ್ತಿದ್ದೆವು. ಸರ್ ಮನೆಯಿಂದ ಕಾಲ್‌ನಲ್ಲಿದ್ದರು, ಅವರಿಗೆ ಆಗಾಗ ತೆಲುಗಿನಲ್ಲಿ ವರದಿ ಒಪ್ಪಿಸುತ್ತಿದ್ದೆವು.

"ಮೊದಲನೇದು ಇಳಸ್ಲೇನು?"

"ತಡೀರಿ. ಹಾಂ, ನಾಕೂ ನೆಟ್ಟಗ ಅದಾವ. ಇಳಸ್ರಿ."

ಮೊದಲನೆಯದು ಇಳಿಯಿತು. ಹೊಸ ಸಾಫ್ಟ್‌ವೇರ್ ಹಾಕಿ ಎಬ್ಬಿಸಿದೆವು. ಎದ್ದ ಕೂಡಲೇ ಅದು ಕೆಲಸಕ್ಕೆ ಬರುವುದಿಲ್ಲ. ತಾನು ಇಲ್ಲದಾಗ ಏನೇನಾಯಿತು ಎಂಬುದನ್ನೆಲ್ಲ ಉಳಿದವುಗಳಿಂದ ಕೇಳಿ ತಿಳಿದುಕೊಳ್ಳಬೇಕು: ಎಲ್ಲಿ ಯಾವ ಗುಳಿಗೆ ಮಾರಾಟವಾಯಿತು, ಎಲ್ಲಿ ಹೊಸ ಸರಕು ಬಂತು. ಅಷ್ಟು ಹೊತ್ತು ನಾವು ಕಾಯಬೇಕು. ಈ ಕಾಯುವಿಕೆಯನ್ನು ನಾನು ಮರೆತೇಬಿಟ್ಟಿದ್ದೆ.

ಕಾಯುತ್ತ ಮಾತು ಶುರುವಾಯಿತು. ಅವರ ಪಾಳಿಯಲ್ಲಿ ಆಫೀಸಿನ ಮೆಟ್ಟಿಲಿಗೆ ಒಂದು ಬೆಕ್ಕು ಬರುತ್ತದಂತೆ, ಇವರು ಅದಕ್ಕೆ ಬಿಸ್ಕತ್ತು ಹಾಕುತ್ತಾರಂತೆ. ನನಗೆ ಗೊತ್ತೇ ಇರಲಿಲ್ಲ. ಕೆಳಗಿನ ಮನೆಯ ಮುದುಕಿಯನ್ನು ನಾನು ಮೊಮ್ಮಕ್ಕಳ ಮನೆಗೆ ಬಿಟ್ಟುಬಂದದ್ದು ಅವರಿಗೆ ಗೊತ್ತಿರಲಿಲ್ಲ. ಅವರ ಹಲ್ಲು ನೋವು, ನನ್ನ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥ ಮುರಿದದ್ದು, ಮೇಲಿನ ಮನೆಯವರ ನೀರಿನ ಜಗಳ. ಎರಡನೆಯದನ್ನು ಇಳಿಸಿ ಎತ್ತಿದೆವು, ಮತ್ತೆ ಮಾತು. ಡಬ್ಬಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ, ಅವ್ವನ ಬಟಾಣಿಯ ಪಲ್ಯ ತಿಂದೆವು. ಅವರು ಉಪ್ಪಿನಕಾಯಿ ಮುಟ್ಟಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಮೂರನೆಯ ಸರ್ವರ್ ಸುಧಾರಿಸಿಕೊಳ್ಳಲು ಇನ್ನಷ್ಟು ಹೊತ್ತು ಹಿಡಿಯಲಿ ಎಂದು ಮನಸ್ಸಿನಲ್ಲೇ ಹಾರೈಸಿದೆ. ಅದು ನಿಜಕ್ಕೂ ಬಹಳ ಹೊತ್ತು ಹಿಡಿಯಿತು.

ನಮ್ಮವರು ಮಾತ್ರ ಗಡಿಯಾರ ನೋಡತೊಡಗಿದ್ದರು.

"ಇನ್ನ ಎರಡ ಉಳದಾವು. ಎರಡೂ ಕೂಡೇ ಇಳಸಿಬಿಡೂಣು. ಮೂರು ಅದಾವಲ್ಲ, ಸಾಕು. ರೈಲ್ ಸಿಗತೈತಿ."

"ಬ್ಯಾಡ್ರಿ."

"ಯಾಕ ಬ್ಯಾಡ? ಲೆಕ್ಕಾ ಸರಿ ಐತಿ."

"ಲೆಕ್ಕಾ ಸರಿ ಐತ್ರಿ. ಆದ್ರ ಆ ಮೂರರಾಗ ಒಂದಕ್ಕ ಏನರೇ ಆದ್ರ ಎಲ್ಲಾ ನಿಂತ ಹೋಗತಾವ. ಅಂಗಡ್ಯಾಗ ಯಾರೋ ಇನ್ಸುಲಿನ್ ಕೇಳಾಕ ನಿಂತಿರತಾರ."

"ಏನ ಆಗೂದಿಲ್ಲ. ನಿನಗ ಬಾದಾಮಿಗೆ ಹೋಗೂದ ಬೇಕಾಗಿಲ್ಲೇನು?"

ಅವರ ದನಿಯಲ್ಲಿ ನೋವಿತ್ತು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಬಾದಾಮಿ ಬ್ಯಾಡ ಅನ್ನವಲ್ಲೆರಿ. ನನಗ ನೀವು ಬೇಕು. ಮುಂಜಾನಿಂದ ನೀವು ನನ್ನ ಬಾಜೂಕ ಕುಂತೀರಿ. ಇದು ಲಗೂನ ಮುಗೀಲಿ ಅಂತ ನನಗ ಅನಸವಲ್ದು."

ಫೋನಿನಲ್ಲಿ ಸದ್ದಾಯಿತು. ಕಾಲ್ ತೆರೆದೇ ಇತ್ತು. ಸರ್ ಗಾಬರಿಯಿಂದ ತೆಲುಗಿನಲ್ಲಿ ಏನಾಯಿತು, ಏನಾದರೂ ತೊಂದರೆಯೇ ಎಂದು ಕೇಳಿದರು. ನಮ್ಮವರು ನನ್ನ ಮುಖವನ್ನೇ ನೋಡುತ್ತ, "ಏಮೀ ಲೇದು ಸಾರ್, ಒಕಟೊಕಟಿಗಾನೇ ಚೇಸ್ತಾಂ," ಎಂದರು. ಏನೂ ಇಲ್ಲ, ಒಂದೊಂದಾಗಿಯೇ ಮಾಡುತ್ತೇವೆ. ಆಮೇಲೆ ಕುರ್ಚಿಯನ್ನು ಸ್ವಲ್ಪ ನನ್ನ ಕಡೆ ಎಳೆದುಕೊಂಡರು.

ನಾಲ್ಕನೆಯದನ್ನು ಇಳಿಸಿ ಇನ್ನೂ ಸಾಫ್ಟ್‌ವೇರ್ ಹಾಕುತ್ತಿದ್ದೆವು, ಅಷ್ಟರಲ್ಲಿ ಬೇರೆ ಊರಿನ ಸರ್ವರೊಂದು ಸದ್ದಿಲ್ಲದೆ ಕಣ್ಮರೆಯಾಯಿತು. ನನ್ನ ಪರದೆಯಲ್ಲಿ ಅದರ ಚೌಕ ಕೆಂಪಾಯಿತು. ಅಲ್ಲಿ ಯಾರೋ ರಸ್ತೆ ಅಗೆಯುವಾಗ ಕೇಬಲ್ ಕತ್ತರಿಸಿದ್ದರಂತೆ; ಅದು ತಿಳಿದದ್ದು ಆಮೇಲೆ. ಉಳಿದದ್ದು ಸರಿಯಾಗಿ ಮೂರು. ನಾವಿಬ್ಬರೂ ಆ ಮೂರು ಹಸಿರು ಚೌಕಗಳನ್ನು ನೋಡುತ್ತ ಕೂತೆವು. ಅವರು ನನ್ನ ಕೈ ಹಿಡಿದುಕೊಂಡಿದ್ದರು. ಬಿಲ್‌ಗಳು ಆಗುತ್ತಲೇ ಇದ್ದವು, ಅಂಗಡಿಗಳು ನಡೆಯುತ್ತಲೇ ಇದ್ದವು. ನಾಲ್ಕನೆಯದು ಎದ್ದು ಸೇರಿಕೊಂಡಿತು. ಕೇಬಲ್ ಜೋಡಿಸುವತನಕ ಐದನೆಯದನ್ನು ಮುಟ್ಟುವಂತಿರಲಿಲ್ಲ. ಅದು ಮುಗಿದು, ಎಲ್ಲವೂ ಹೊಸದಾಗಿ, ಸರ್ ಶಹಬಾಸ್ ಹೇಳುವಷ್ಟರಲ್ಲಿ ವಿಜಯಪುರದ ರೈಲು ಎಲ್ಲೋ ಹೋಗಿತ್ತು.

ಮನೆಗೆ ಬರುವಾಗ ದಾರಿಯಲ್ಲಿ ನಮ್ಮದೇ ಕಂಪನಿಯ ಅಂಗಡಿಗೆ ಹೋಗಿ ಹಲ್ಲು ನೋವಿನ ಗುಳಿಗೆ ಕೊಂಡೆವು. ಇವತ್ತು ಕಂಪ್ಯೂಟರ್ ಹೇಗಿತ್ತಮ್ಮಾ ಎಂದು ಕೌಂಟರಿನ ಹುಡುಗಿಯನ್ನು ಕೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ, ಯಾವಾಗಿನ ಹಾಗೇ ಇತ್ತು ಎಂದಳು. ಮರುದಿನದ ರೈಲುಗಳಲ್ಲಿ ವೇಟಿಂಗ್ ಲಿಸ್ಟು ಹನುಮಂತನ ಬಾಲದಂತಿತ್ತು. ಮನೆಯಲ್ಲೇ ಇರೋಣ, ಅದೂ ರಜೆಯೇ ಎಂದು ಮಲಗಿಬಿಟ್ಟೆವು.

ಬೆಳಗ್ಗೆ ನನಗೆ ಎಚ್ಚರವಾದಾಗ ಬಿಸಿಲು ಮಂಚದವರೆಗೂ ಬಂದಿತ್ತು. ಅವರು ಆಗಲೇ ಎದ್ದಿದ್ದರು. ಅಡುಗೆಮನೆಯಿಂದ ಶುಂಠಿಯ ವಾಸನೆ ಬರುತ್ತಿತ್ತು. ಇಬ್ಬರೂ ಮನೆಯಲ್ಲಿರುವ ಬೆಳಗು ಹೇಗಿರುತ್ತದೆ ಎಂದು ನೋಡಲು ನಾನು ಬರಿಗಾಲಿನಲ್ಲಿ ಸದ್ದು ಮಾಡದೆ ಹೋದೆ. ಅವರು ಕಿಟಕಿಯ ಬಳಿ ನಿಂತು ಚಹಾ ಕುಡಿಯುತ್ತಿದ್ದರು. ಒಲೆಯ ಮೇಲಿನ ಪಾತ್ರೆ ಖಾಲಿಯಾಗಿತ್ತು. ಕಟ್ಟೆಯ ಮೇಲೆ ಇನ್ನೊಂದು ಕಪ್ಪು ಇರಲಿಲ್ಲ.

ತಿರುಗಿ ನನ್ನನ್ನು ನೋಡಿದರು, ಕೈಯಲ್ಲಿದ್ದ ಕಪ್ಪನ್ನು ನೋಡಿದರು. ಮುಖ ಸಣ್ಣದಾಯಿತು.

"ನೀ ಮನ್ಯಾಗ ಅದೀ ಅನ್ನೂದ ಮರತಬಿಟ್ಟೆ," ಎಂದರು.

ನಗುವ ಮಾತೇ. ನಾನು ನಗಲು ಹೋದೆ, ಆಗಲಿಲ್ಲ. ಇಷ್ಟು ಕಾಲ ನಾನೊಬ್ಬಳೇ ಇವರನ್ನು ನೆನೆದು ಒದ್ದಾಡಿದೆ, ಇವರಿಗೆ ಅದರ ಗಾಳಿಯೂ ಸೋಕಿಲ್ಲ ಅನ್ನಿಸಿತು. ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಒಬ್ಬರಿಗೇ ಚಹಾ ಮಾಡಿಕೊಳ್ಳುವುದು ಎಷ್ಟು ಚೆನ್ನಾಗಿ ರೂಢಿಯಾಗಿದೆ ನಿಮಗೆ ಎಂದು ಕುಟುಕಿದೆ. ಅವರು ಕಪ್ಪನ್ನು ಕಟ್ಟೆಯ ಮೇಲಿಟ್ಟರು.

"ಮೊದಮೊದಲ ಎರಡ ಕಪ್ ಮಾಡತಿದ್ದೆ," ಎಂದರು. "ಪಾಳಿ ಮುಗಿಸಿ ಬಂದು, ನೀ ಹೋದ ಮ್ಯಾಲೆ. ಒಂದ ನನಗ, ಒಂದ ನಿನಗ. ನಿಂದು ಆರಿ ಹೋಗತಿತ್ತು, ಚಲ್ಲತಿದ್ದೆ. ಭಾಳ ದಿನಾ ಚಲ್ಲಿದೆ. ಚಲ್ಲೂ ಮುಂದ ಸಂಕಟ ಆಗತಿತ್ತು. ಅದಕ್ಕ ಬಿಟ್ಟೆ."

ನಾನು ಅವರ ಎದೆಗೆ ಹಣೆ ಇಟ್ಟುಕೊಂಡು ನಿಂತೆ. ಕೆಳಗೆ ತರಕಾರಿ ಗಾಡಿಯವನು ಕೂಗುತ್ತಿದ್ದ. ಆಮೇಲೆ ಅವರು ಪಾತ್ರೆ ತೊಳೆದು, ಹಾಲಿಟ್ಟು, ಶುಂಠಿ ಜಜ್ಜತೊಡಗಿದರು.

"ಮುಂದಿನ ವಾರ ಮತ್ತ ಪಾಳಿ ಚಾಲೂ ಆಗತಾವು," ಎಂದೆ.

"ಹೂಂ."

"ಆವಾಗೂ ಎರಡ ಕಪ್ ಮಾಡ್ರಿ."

"ನೀ ಇರೂದಿಲ್ಲಲ್ಲ?"

"ಇಲ್ಲದಿದ್ರೂ ಮಾಡ್ರಿ. ಚಲ್ಲಿದ್ರ ಚಲ್ಲ್ರಿ."